ಕಾಡಿನ ಜನರನ್ನು ಎಲ್ಲಿಂದ ಕಟ್ಟಲು ಶುರುಮಾಡಬೇಕು?

ಕಥೆಗೋ ಆಟಕ್ಕೋ ಒಂದು ಕಾಲ್ಪನಿಕ ಕಾಡುಜನರನ್ನು ಹುಟ್ಟಿಸಲು ಹೊರಟವರೆಲ್ಲ ಕೇಳುವುದು ಇದನ್ನೇ: ಮೊದಲು ದೇವರೋ, ಭಾಷೆಯೋ? ಎರಡೂ ಆಮೇಲೆ. ಅವರ ಹಿಟ್ಟು, ಅಂದರೆ ದಿನದ ಹೊಟ್ಟೆ ತುಂಬಿಸುವ ಪಿಷ್ಟ, ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲು ತೀರ್ಮಾನಿಸಿ.

ಮಳೆಕಾಡು ಹಸಿರಾಗಿದ್ದ ಮಾತ್ರಕ್ಕೆ ಊಟ ಸಲೀಸಲ್ಲ. ಸಾರವೆಲ್ಲ ಮರಗಳಲ್ಲಿ, ಮಣ್ಣು ಬಡವು. ಹಣ್ಣು 30 ಮೀಟರ್ ಎತ್ತರದಲ್ಲಿ. ಬೇಟೆಯ ಮಾಂಸದಲ್ಲಿ ಸಾಮಾನ್ಯವಾಗಿ ಕೊಬ್ಬು ಕಡಿಮೆ. ಅಂಥ ಮಾಂಸವೊಂದನ್ನೇ ವಾರಗಟ್ಟಲೆ ತಿಂದರೆ ಹೊಟ್ಟೆ ತುಂಬಿದ್ದರೂ ಭೇದಿ, ನಿತ್ರಾಣ. ಬರೀ ಬಿಲ್ಲು ಹಿಡಿದ ಜನಾಂಗ ಕಾಗದದ ಮೇಲಷ್ಟೇ ಬದುಕುತ್ತದೆ.

ಬೋರ್ನಿಯೋದ ಪೆನಾನ್ ಅಲೆಮಾರಿಗಳನ್ನು ನೋಡಿ. ಅವರ ಆಧಾರ ಕಾಡು ಸಾಗೋ ತಾಳೆ. ಕಾಂಡ ಕಡಿದು ಸೀಳಿ, ತಿರುಳು ಜಜ್ಜಿ, ಬೆತ್ತದ ಚಾಪೆಯ ಮೇಲೆ ನೀರು ಹುಯ್ದು ತುಳಿಯುತ್ತಾರೆ. ಸೋಸಿ ಇಳಿದ ಹಾಲು ತಳಕಟ್ಟಿದ ಮೇಲೆ ನೀರು ಬಸಿದು, ಹಿಟ್ಟನ್ನು ಬೆಂಕಿಯ ಮೇಲೆ ಒಣಗಿಸುತ್ತಾರೆ. ಈ ಒಂದು ಕೆಲಸದಿಂದ ಎಷ್ಟೆಲ್ಲ ಹೊರಡುತ್ತದೆ! ಬಿಡಾರ ಹಳ್ಳದ ಹತ್ತಿರ ಇರಬೇಕು. ನಾಲ್ಕಾರು ಕೈ ಬೇಕು. ಸುತ್ತಲಿನ ತಾಳೆ ಮುಗಿದರೆ ಗಂಟುಮೂಟೆ ಕಟ್ಟಬೇಕು, ಆದ್ದರಿಂದ ಆಸ್ತಿ ಬೆನ್ನಿನ ಬುಟ್ಟಿಗೆ ಹಿಡಿಸುವಷ್ಟೇ. ಮೆಳೆಯಲ್ಲಿ ಎಳೆಯ ಕಾಂಡ ಬಿಟ್ಟರೆ ಮತ್ತೆ ಸಿಗುತ್ತದೆ. ಆ ಎಳೆಯದನ್ನು ಕಡಿದವನಿಗೆ ಶಾಪ ಕೊಡುವ ದೇವರನ್ನು ಇಲ್ಲಿ ಕೂರಿಸಿ.

ಹಿಟ್ಟು ಕಾಡಿನದೇ ಆಗಬೇಕಿಲ್ಲ. ಆಫ್ರಿಕಾದ ಕಾಂಗೋ ದೇಶದ ಇತುರಿ ಕಾಡಿನ ಎಂಬುಟಿ ಜನ ಬಲೆಬೇಟೆಯ ಮಾಂಸ ಕೊಟ್ಟು, ಪಕ್ಕದ ರೈತರಿಂದ ಬಾಳೆಕಾಯಿ, ಮರಗೆಣಸು, ಕಬ್ಬಿಣ ಪಡೆಯುತ್ತಿದ್ದರು. ‘ಹೊರಗಿನವರನ್ನು ಕಂಡೇ ಇಲ್ಲ’ ಅನ್ನುವ ಜನಾಂಗಕ್ಕೆ ಲೋಹದ ಈಟಿ ಕೊಟ್ಟುಬಿಡುವುದು ಎಲ್ಲರೂ ಎಡವುವ ಜಾಗ. ಕಹಿ ಮರಗೆಣಸನ್ನು ಆರಿಸಿಕೊಂಡರೆ ತುರಿದು, ಹಿಂಡಿ, ಹುರಿಯುವ ಕೆಲಸವೂ ಜೊತೆಗೇ ಬಂತು. ಹಿಂಡುವುದು ತಪ್ಪಿದರೆ ಸಯನೈಡ್ ಉಳಿಯುತ್ತದೆ.

ಮರದ ಮೇಲಿನ ಮನೆ? ಪಾಪುವಾದ ಕೊರೊವಾಯ್ ಜನ ಕಟ್ಟುತ್ತಾರೆ, ನಿಜ. ಆದರೆ ನೀರು, ಸೌದೆ, ಕೂಸು ಎಲ್ಲವೂ ದಿನಾ ಏಣಿ ಹತ್ತಬೇಕು. ಅಷ್ಟು ಕಷ್ಟಕ್ಕೆ ಒಂದು ಕಾರಣ ಬರೆದಿಡಿ.

ಕೊನೆಗೆ ಸಿಂಹಾಸನ. ಆ ತೇವದಲ್ಲಿ ಹಸಿಮಾಂಸ ಬಹಳ ಹೊತ್ತು ನಿಲ್ಲದು, ಹಂಚಿಬಿಡುವುದೇ ಜಾಣತನ. ಕೂಡಿಡಲು ಏನೂ ಇಲ್ಲದಲ್ಲಿ ಕಪ್ಪ ಕಸಿಯುವವನೂ ಇಲ್ಲ. ಜಗಳವಾದರೆ ಒಂದು ಸಂಸಾರ ಎದ್ದು ಬೇರೆ ಬಿಡಾರ ಸೇರುತ್ತದೆ. ಕಥೆಗೆ ರಾಜ ಬೇಕೇಬೇಕು ಅಂದರೆ ಕಣಜದಲ್ಲಿ ತುಂಬಿಡಬಹುದಾದ ಬೆಳೆ ಕೊಡಿ, ಇಲ್ಲವೇ ದೋಣಿಗಳಿಂದ ಸುಂಕ ಎತ್ತಬಹುದಾದ ಹೊಳೆಯ ತಿರುವೊಂದನ್ನು ಅವನ ಕೈಗಿಡಿ.