ಪೀತಾಂಬರ ಅಡ್ಡ ಬಂತು

ಮೊಮ್ಮಗಳ ನಾಮಕರಣದ ಹಿಂದಿನ ದಿನ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ಎರಡು ಮಾರು ಮಲ್ಲಿಗೆ ಆಯಿತು. "ಇನ್ನೇನಮ್ಮ?" ಅಂದಳು ಹೂವಿನವಳು. ಬಾಯಿ ತೆರೆದೆ, ಹೆಸರೇ ಬರಲಿಲ್ಲ. ಕಣ್ಣ ಮುಂದೆ ಹೂವಿದೆ: ಕಿತ್ತಳೆ ಬಣ್ಣ, ತೆಳು ಎಸಳು, ಮೂಸಿದರೆ ಘಮವಿಲ್ಲ. ಶುಕ್ರವಾರ ಅಮ್ಮ ನನ್ನ ಜಡೆಗೆ ಮುಡಿಸುತ್ತಿದ್ದದ್ದು. ನಾಲಿಗೆಗೆ ಬಂದದ್ದು ಮಾತ್ರ 'ಪೀತಾಂಬರ'. ಅದಲ್ಲ ಅಂತ ಗೊತ್ತು, ಅಟ್ಟಿದರೂ ಹೋಗದು.

"ಅದೇ ಕಣಮ್ಮ, ವಾಸನೆ ಇರಲ್ಲ, ಮಲ್ಲಿಗೆ ಜೊತೆ ಕಟ್ತಾರಲ್ಲ..."

"ಕನಕಾಂಬ್ರಾನಾ?" ಒದ್ದೆ ಬಟ್ಟೆ ಸರಿಸಿದಳು.

31 ವರ್ಷ ಕನ್ನಡ ಪಾಠ ಮಾಡಿದವಳು ನಾನು! ಕನಕ + ಅಂಬರ, ಸವರ್ಣದೀರ್ಘ ಸಂಧಿ ಅಂತ ಬೋರ್ಡಿನ ಮೇಲೆ ಬರೆದು, ಕೆಳಗೇ ಪೀತಾಂಬರವನ್ನೂ ಬರೆಯುತ್ತಿದ್ದೆ. ಅದಕ್ಕೇ ಇರಬೇಕು ಅದು ಅಡ್ಡ ನಿಂತದ್ದು.

ವಾಪಸು ಬರುವಾಗ ಹಳೆಯ ಸಹೋದ್ಯೋಗಿ ಸಿಕ್ಕರು. ಗಣಿತದವರು, ಬುತ್ತಿಗೆ ದಿನಾ ಚಿತ್ರಾನ್ನ, ಯಜಮಾನರು ರೈಲ್ವೆಯಲ್ಲಿದ್ದರು. ಎಲ್ಲ ನೆನಪಿದೆ, ಹೆಸರೊಂದು ಬಿಟ್ಟು. "ಏನ್ರೀ, ಹೇಗಿದ್ದೀರಿ" ಅಂತ ಸಾಗಹಾಕಿದೆ. ಬಸ್ಸಲ್ಲಿ ಕೂತಾಗ ಹೊಟ್ಟೆಯಲ್ಲಿ ತಣ್ಣಗಾಯಿತು. ಮರೆವಿನ ಕಾಯಿಲೆ ಶುರುವಾಯಿತೇ?

ಆಮೇಲೆ ಹುಡುಕಿ ಓದಿದೆ. 1966ರಲ್ಲೇ ಬ್ರೌನ್ ಮತ್ತು ಮೆಕ್‌ನೀಲ್ ಅನ್ನುವ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರಿಗೆ ಅಪರೂಪದ ಪದಗಳ ಅರ್ಥ ಓದಿ ಹೇಳಿ, ಪದ ಕೇಳಿದ್ದರಂತೆ. ಪದ ಬಾರದಿದ್ದರೂ ಮೊದಲ ಅಕ್ಷರ, ಉಚ್ಚಾರದ ಉದ್ದವನ್ನು ಎಷ್ಟೋ ಸಲ ಸರಿಯಾಗಿ ಹೇಳಿದ್ದರು. ಅಂದರೆ ಇದು ಮುದುಕರಿಗಷ್ಟೇ ಬಂದ ಪಾಡಲ್ಲ, ವಯಸ್ಸಾದಂತೆ ಹೆಚ್ಚುತ್ತದೆ, ಅಷ್ಟೇ. 1991ರಲ್ಲಿ ಡೆಬೊರಾ ಬರ್ಕ್ ಮತ್ತು ಸಂಗಡಿಗರು ಕೊಟ್ಟ ಕಾರಣ ನನಗೆ ಹಿಡಿಸಿತು: ಅರ್ಥ ಇದ್ದಲ್ಲೇ ಇರುತ್ತದೆ, ಅರ್ಥದಿಂದ ಉಚ್ಚಾರಕ್ಕೆ ಹೋಗುವ ಎಳೆ ಸವೆಯುತ್ತದೆ. ಬಳಸದೆ ಬಹಳ ದಿನವಾದ ಪದಕ್ಕೆ ಇನ್ನೂ ಹೆಚ್ಚು. ಅರ್ಥಕ್ಕೆ ಹತ್ತಾರು ದಾರಿ, ಮನುಷ್ಯರ ಹೆಸರಿಗೋ ಒಂದೇ ಎಳೆ. ಗಣಿತ, ಚಿತ್ರಾನ್ನ, ರೈಲ್ವೆ ಯಾವುದೂ ಆ ಹೆಸರನ್ನು ಹೇಳಿಕೊಡುವುದಿಲ್ಲವಲ್ಲ.

ಹೂವಿನವಳು 'ಕನಕಾಂಬ್ರ' ಅಂದೊಡನೆ ನನಗೆ ತಕ್ಷಣ ಗುರುತು ಸಿಕ್ಕಿತ್ತು. ಆ ಪದ ಕೇಳಿಯೂ ಏನೆಂದು ತಿಳಿಯದೆ ನಿಂತಿದ್ದರೆ ಡಾಕ್ಟರ ಬಳಿ ಹೋಗುತ್ತಿದ್ದೆ.

ಮಾರನೆಯ ದಿನ ನಾಮಕರಣ ಮುಗಿದು ಪಾತ್ರೆ ಒರೆಸಿ ಜೋಡಿಸುತ್ತಿದ್ದಾಗ, ಯಾವ ಯೋಚನೆಯೂ ಇಲ್ಲದೆ, ಆ ಗಣಿತದವರ ಹೆಸರು ತಾನಾಗಿ ಬಂತು. ಒದ್ದೆ ಕೈಯಲ್ಲೇ ಹೋಗಿ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟೆ. ಮಗಳು ನೋಡಿ, "ಇದ್ಯಾರಮ್ಮ?" ಅಂದಳು.