ಒಂದೇ ನಾಲೆಯ ಎರಡು ತುದಿ

ಮಾನಸಗಂಗೋತ್ರಿಯಲ್ಲಿ ನಾನು ಅರ್ಥಶಾಸ್ತ್ರ ಎಂ.ಎ.ಗೆ ಸೇರಿದ್ದು 2002ರಲ್ಲಿ. ಮುಂಗಾರು ಕೈಕೊಟ್ಟ ವರ್ಷ ಅದು. ಕನ್ನಂಬಾಡಿ ತುಂಬಲಿಲ್ಲ. ಮಂಡ್ಯದಲ್ಲಿ ಕಾವೇರಿ ಚಳವಳಿ ಜೋರಾಗಿತ್ತು; ರಸ್ತೆ ತಡೆಯಾದ ದಿನ ಮದ್ದೂರು, ಮಂಡ್ಯ ಕಡೆಯ ಸಹಪಾಠಿಗಳ ಜಾಗ ಖಾಲಿ ಇರುತ್ತಿತ್ತು. ಅಂಥ ದಿನಗಳಲ್ಲೇ ಮೇಷ್ಟ್ರು ನಮಗೆ ವಲಸೆಯ ಪಾಠ ಆರಂಭಿಸಿದರು.

ಪಠ್ಯದಲ್ಲಿ ಇದ್ದದ್ದು ಹಳ್ಳಿಯ ಹೆಚ್ಚುವರಿ ದುಡಿಮೆಗಾರರು ನಗರದ ಉದ್ದಿಮೆಗಳಿಗೆ ಸಾಗುತ್ತಾರೆ ಎನ್ನುವ 1954ರ ಲೂಯಿಸ್ ಸಿದ್ಧಾಂತ, ಆಮೇಲೆ 1970ರ ಹ್ಯಾರಿಸ್–ಟೊಡಾರೊ ಮಾದರಿ. ನಗರದಲ್ಲಿ ಸಿಗಬಹುದಾದ ಕೂಲಿಯನ್ನು ಅಲ್ಲಿ ಕೆಲಸ ಸಿಗುವ ಸಂಭವದಿಂದ ಗುಣಿಸಿ, ಅದು ಹಳ್ಳಿಯ ಕೂಲಿಗಿಂತ ಹೆಚ್ಚಾದರೆ ಜನ ಊರು ಬಿಡುತ್ತಾರೆ ಎನ್ನುವುದು ಈ ಎರಡನೆಯದರ ತಿರುಳು. ಮೇಷ್ಟ್ರು ಸೂತ್ರವನ್ನು ಹಲಗೆಯ ಮೇಲೆ ಬರೆದು, ವಿವರಿಸಿ, ನಮ್ಮ ಕಡೆ ತಿರುಗಿ ಕೇಳಿದರು: "ಎಲ್ಲ ಸರಿ. ಇದರಲ್ಲಿ ನಾಲೆ ಎಲ್ಲಿದೆ?"

ಆ ಪ್ರಶ್ನೆಯನ್ನು ನಮ್ಮ ಜಿಲ್ಲೆಗೆ ಮೊದಲು ತಂದವರಲ್ಲಿ ಒಬ್ಬರು ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡ ಮೇಲೆ ದೇಶ ಬಿಟ್ಟು ಇಂಗ್ಲೆಂಡ್ ಸೇರಿದವರು. ವಲಸೆ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1954ರಲ್ಲಿ ಮಂಡ್ಯಕ್ಕೆ ಬಂದು ಎರಡು ಹಳ್ಳಿಗಳನ್ನು ಆರಿಸಿಕೊಂಡರು. ತಮ್ಮ ಬರಹದಲ್ಲಿ ಅವಕ್ಕೆ ವಂಗಲ, ದಲೇನ ಎಂಬ ಹೆಸರು ಕೊಟ್ಟರು. ವಂಗಲದ ಹೊಲಗಳಿಗೆ ನಾಲೆಯ ನೀರು ಹರಿದಿತ್ತು. ದಲೇನದ ಜಮೀನು ನಾಲೆಗಿಂತ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ.

ನೀರು ಬಂದ ಊರು ಶ್ರೀಮಂತವಾಯಿತು, ಬಾರದ ಊರು ಹಿಂದುಳಿಯಿತು ಎಂದೇ ನಾವೆಲ್ಲ ಊಹಿಸಿದ್ದೆವು. ಎಪ್‌ಸ್ಟೀನ್ ಕಂಡದ್ದು ಬೇರೆ. ವಂಗಲದವರು ಕಬ್ಬು, ಭತ್ತ ಬೆಳೆದು ಊರಲ್ಲೇ ಉಳಿದರು. ಒಕ್ಕಲಿಗ ರೈತರಿಗೂ ಅವರ ಹೊಲದಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದ ದಲಿತ ಕುಟುಂಬಗಳಿಗೂ ನಡುವಿನ ಹಳೆಯ ಕಟ್ಟು ಹಾಗೆಯೇ ಮುಂದುವರಿಯಿತು. ದಲೇನದವರು ಮಂಡ್ಯದಲ್ಲಿ ಕೆಲಸ ಹಿಡಿದರು, ಸಕ್ಕರೆ ಕಾರ್ಖಾನೆಗೆ ಗಾಡಿ ಹೊಡೆದರು, ವ್ಯಾಪಾರಕ್ಕಿಳಿದರು, ಬೇರೆ ಊರಲ್ಲಿ ನೀರಾವರಿ ಜಮೀನು ಕೊಂಡರು. ಆ ಹಳೆಯ ಕಟ್ಟು ಸಡಿಲವಾದದ್ದು ಅಲ್ಲಿ. ಅಣೆಕಟ್ಟು, 1933ರ ಸಕ್ಕರೆ ಕಾರ್ಖಾನೆ, 1939ರಲ್ಲಿ ಹುಟ್ಟಿದ ಜಿಲ್ಲೆ ಇವೆಲ್ಲ ನಮಗೆ ಹೆಮ್ಮೆಯ ಕತೆಗಳಾಗಿದ್ದವು. ಆ ಕತೆಯೊಳಗೆ ಇಂಥದ್ದೊಂದು ಪ್ರಶ್ನೆ ಇದೆಯೆಂದು ತೋರಿಸಿದ್ದು ಮೇಷ್ಟ್ರು. ಆ ಋಣ ದೊಡ್ಡದು.

ಎರಡನೇ ವರ್ಷದ ಕ್ಷೇತ್ರಕಾರ್ಯಕ್ಕೆ ಅವರು ಕನ್ನಂಬಾಡಿಯಿಂದ ಹೊರಡುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಎರಡು ತುದಿಗಳನ್ನೇ ಆರಿಸಿದರು. ಒಂದು ತಂಡ ಪಾಂಡವಪುರದ ಕಡೆಗೆ, ಇನ್ನೊಂದು ಮಳವಳ್ಳಿಯ ಕೊನೆಭಾಗದ ಊರುಗಳಿಗೆ. ನಾನು ಮಳವಳ್ಳಿಯ ತಂಡದಲ್ಲಿದ್ದೆ. ನಾಲೆಯ ತಳದಲ್ಲಿ ಹುಲ್ಲು ಬೆಳೆದು ಹಸುಗಳು ಮೇಯುತ್ತಿದ್ದವು.

ನಮ್ಮ ಪ್ರಶ್ನಾವಳಿಯಲ್ಲಿ ಕುಟುಂಬವೆಂದರೆ ಒಂದೇ ಒಲೆಯಲ್ಲಿ ಅಡುಗೆ ಮಾಡಿ ಉಣ್ಣುವವರು. ಜನಗಣತಿಯಲ್ಲೂ ಹಾಗೆಯೇ. ಒಂದು ಮನೆಯ ಅಜ್ಜಿ ಹೆಸರು ಹೇಳುತ್ತಾ ಬೆಂಗಳೂರಿನಲ್ಲಿದ್ದ ಮಗನನ್ನೂ ಸೇರಿಸಿದರು. ಅವನು ಇಲ್ಲಿ ಉಣ್ಣುವುದಿಲ್ಲವಲ್ಲ ಅಜ್ಜಿ ಎಂದೆ. ಅಜ್ಜಿ ಎದ್ದು ಮೂಲೆಯಲ್ಲಿ ಬಾಯಿ ಹೊಲಿದಿಟ್ಟಿದ್ದ ಚೀಲ ತೋರಿಸಿದರು. "ಅವನು ಉಣ್ಣುವುದು ಈ ರಾಗಿಯನ್ನೇ ಕಂದಾ. ಬಸ್ಸಿಗೆ ಹಾಕಿ ಕಳಿಸುತ್ತೇವೆ. ಅವನನ್ನು ಬಿಟ್ಟು ಹೇಗೆ ಬರೆಯುತ್ತೀಯೆ?"

ಪಕ್ಕದಲ್ಲಿದ್ದ ಮೇಷ್ಟ್ರು ನನ್ನ ಹಾಳೆ ತೆಗೆದುಕೊಂಡು ಅಂಚಿನಲ್ಲಿ ಎರಡು ಗೆರೆ ಎಳೆದರು: ಊರಿನಿಂದ ಹೋಗುವುದು, ಊರಿಗೆ ಬರುವುದು. ಅಲ್ಲಿಂದ ಮುಂದೆ ಪ್ರತಿ ಮನೆಯಲ್ಲೂ ಅದನ್ನು ಕೇಳಿದೆವು. ಹೊರಟು ಹೋದ ಮಗ ಮನೆಯಿಂದ ಕಳಚಿಕೊಂಡಿರಲಿಲ್ಲ. ಮಳೆ ಕೈಕೊಟ್ಟರೆ ಅವನ ಸಂಬಳ, ಅವನ ಕೆಲಸ ಹೋದರೆ ಇಲ್ಲಿನ ರಾಗಿ. ವಲಸೆಯನ್ನು ಒಬ್ಬನ ಲೆಕ್ಕಾಚಾರವಾಗಿ ಅಲ್ಲ, ಇಡೀ ಕುಟುಂಬದ ಭದ್ರತೆಯಾಗಿ ನೋಡಬೇಕೆಂದು ಓಡೆಡ್ ಸ್ಟಾರ್ಕ್‌ರಂಥ ಅರ್ಥಶಾಸ್ತ್ರಜ್ಞರು 1980ರ ದಶಕದಲ್ಲಿ ವಾದಿಸಿದ್ದನ್ನು ನಾನು ಓದಿದ್ದು ಆಮೇಲೆ.

ಪಾಂಡವಪುರದ ತಂಡ ತಂದ ವಿವರ ಇನ್ನೂ ಹೆಚ್ಚು ಕಾಡಿತು. ಆ ಬರದಲ್ಲೂ ಅಲ್ಲಲ್ಲಿ ಕಬ್ಬು ನಿಂತಿತ್ತು, ಕಡಿಯಲು ಬಳ್ಳಾರಿ ಕಡೆಯಿಂದ ಗುಳೆ ಬಂದ ಕುಟುಂಬಗಳಿದ್ದವು. ಮೇಸ್ತ್ರಿಯಿಂದ ಮುಂಗಡ ಪಡೆದು, ಗದ್ದೆಯ ಬದಿಯಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡಿದ್ದರು. ಗುಡಿಸಲಿಗೆ ಮನೆ ನಂಬರಿಲ್ಲ, ಹಾಗಾಗಿ ನಮ್ಮ ಮನೆಪಟ್ಟಿಯಲ್ಲಿ ಅವರಿಲ್ಲ. ಸ್ವಂತ ಊರಿನ ಮನೆಗೆ ಬೀಗ. ಮೇಷ್ಟ್ರು ಆ ತಂಡವನ್ನು ಮತ್ತೆ ಕಳಿಸಿದರು, ಪಟ್ಟಿ ಬದಿಗಿಟ್ಟು ಗುಡಿಸಲುಗಳಿಂದಲೇ ಶುರು ಮಾಡಿ ಎಂದರು. ಒಂದೇ ನಾಲೆ ಮೇಲ್ಭಾಗಕ್ಕೆ ಜನರನ್ನು ಕರೆತರುತ್ತದೆ, ಕೊನೆಭಾಗದಿಂದ ಜನರನ್ನು ಹೊರಡಿಸುತ್ತದೆ. ನನ್ನ ಇಡೀ ಓದಿನಲ್ಲಿ ಇದಕ್ಕಿಂತ ಮುಖ್ಯವಾದದ್ದನ್ನು ನಾನು ಕಲಿತಿಲ್ಲ.

ಈಗ ಹವಾಮಾನ ವಲಸೆಯ ಬಗ್ಗೆ ಜಗತ್ತೇ ಮಾತನಾಡುತ್ತಿದೆ. ಕ್ರಮ ಕೈಗೊಳ್ಳದಿದ್ದರೆ 2050ರ ವೇಳೆಗೆ 21.6 ಕೋಟಿ ಜನ ತಮ್ಮ ದೇಶದೊಳಗೇ ನೆಲೆ ಬದಲಿಸಬೇಕಾಗಬಹುದು ಎಂದು ವಿಶ್ವಬ್ಯಾಂಕ್ 2021ರಲ್ಲಿ ಅಂದಾಜಿಸಿತು. ಆ ಸಂಖ್ಯೆ ಪತ್ರಿಕೆಗಳಲ್ಲಿ ಬಂತು. 2011ರಲ್ಲಿ ಬ್ರಿಟನ್ನಿನ ಫೋರ್‌ಸೈಟ್ ವರದಿ ಹೇಳಿದ್ದ ಮಾತಿಗೆ ಅಷ್ಟು ಪ್ರಚಾರ ಸಿಗಲಿಲ್ಲ: ಪರಿಸರ ಕೆಟ್ಟಾಗ ಎಲ್ಲರಿಗಿಂತ ಬಡವರು ಹೊರಡಲೂ ಆಗದೆ ಸಿಕ್ಕಿಬೀಳುತ್ತಾರೆ. 2016ರ ಬರದಲ್ಲಿ ಮದ್ದೂರು ಕಡೆಯ ಭೂಮಿಯಿಲ್ಲದ ಕುಟುಂಬಗಳಲ್ಲಿ ಅದನ್ನು ಕಣ್ಣಾರೆ ಕಂಡೆ. ಬೆಂಗಳೂರಿನಲ್ಲಿ ಕೋಣೆಗೆ ಅಡ್ವಾನ್ಸ್ ಕಟ್ಟಲು ಹಣವಿದ್ದವರು ಹೋದರು. ಇಲ್ಲದವರು ಉಳಿದರು, ಆ ಉಳಿದವರನ್ನು ಯಾವ ವಲಸೆ ಅಂಕಿಅಂಶವೂ ಎಣಿಸುವುದಿಲ್ಲ.

ಎಪ್‌ಸ್ಟೀನ್ 1970ರಲ್ಲಿ ಅದೇ ಹಳ್ಳಿಗಳಿಗೆ ಮರಳಿದರು, ಆಮೇಲೂ ಬಂದರು. ನಮ್ಮ ವಿಭಾಗವೂ ಹಾಗೆ ಮರಳಬೇಕೆಂಬುದು ನನ್ನ ಆಸೆ. 2021ರಲ್ಲಿ ಜನಗಣತಿ ನಡೆಯಲಿಲ್ಲ, ಊರು ಊರಿನ ಲೆಕ್ಕ 2011ಕ್ಕೇ ನಿಂತಿದೆ. ನಾನೀಗ ಮಂಡ್ಯದಲ್ಲೇ ಇದ್ದೇನೆ. ನಮ್ಮ ತಂಡ ತುಂಬಿದ ಪ್ರಶ್ನಾವಳಿಗಳ ಒಂದು ಪ್ರತಿ, ಮೇಷ್ಟ್ರು ಎಳೆದ ಗೆರೆಗಳ ಸಮೇತ, ನನ್ನ ಬಳಿ ಇದೆ. ಈ ವರ್ಷ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ಅದನ್ನು ಕೊಡುತ್ತೇನೆ, ಮಳವಳ್ಳಿಯ ಊರುಗಳಿಗೆ ಜೊತೆಗೂ ಬರುತ್ತೇನೆ.