ದಾಕ್ಷಿಣ್ಯದ ಲೆಕ್ಕ

ಶಿವಮೊಗ್ಗದ ಎಪಿಎಂಸಿ ಯಾರ್ಡ್‌ನ ಒಂದು ಅಡಿಕೆ ಮಂಡಿಯಲ್ಲಿ ನಾನು ರೈಟರ್. ಬಿಕಾಂ ಮುಗಿಸಿ, ಲೆಕ್ಕ ಬರೆಯೋಕೆ ಅಂತ ಸೇರಿದವನು. ಸೇರಿ ಹನ್ನೊಂದು ವರ್ಷ ಆಯಿತು. ನಿಜ ಹೇಳಬೇಕೆಂದರೆ ಮಂಡಿಯಲ್ಲಿ ಲೆಕ್ಕ ಬರೆಯುವುದು ಸುಲಭದ ಕೆಲಸ. ಕಷ್ಟ ಶುರುವಾಗುವುದು ಚೀಲದ ಬಾಯಿ ಬಿಚ್ಚಿದ ಮೇಲೆ.

ನಮ್ಮಲ್ಲಿಗೆ ಬರುವುದು ಬೇಯಿಸಿ ಒಣಗಿಸಿದ ಕೆಂಪಡಿಕೆ. ಎಳೆ ಕಾಯಿಯದು ಸರಕು, ಅದಕ್ಕಿಂತ ಸ್ವಲ್ಪ ಬಲಿತದ್ದು ಬೆಟ್ಟೆ, ಆಮೇಲೆ ರಾಶಿ, ತೀರಾ ಬಲಿತದ್ದು ಗೊರಬಲು. ಸರಕಿಗೂ ಗೊರಬಲಿಗೂ ಕ್ವಿಂಟಲ್‌ಗೆ ಹತ್ತಾರು ಸಾವಿರ ರೂಪಾಯಿ ವ್ಯತ್ಯಾಸ. ರಾಶಿಯಲ್ಲೇ ಚೆನ್ನಾಗಿ ಒಣಗಿದ್ದಕ್ಕೆ ಒಂದು ರೇಟು, ಹಸಿ ಉಳಿದದ್ದಕ್ಕೆ ಇನ್ನೊಂದು ರೇಟು. ಖರೀದಿದಾರರು ಟೆಂಡರ್‌ನಲ್ಲಿ ಹಾಕಿದ್ದೇ ಕೊನೆಯ ರೇಟು. ಆದರೆ ಅಲ್ಲಿಯವರೆಗೆ ರೈತರು ಕಾಯುತ್ತಾರಾ? ಚೀಲ ಇಳಿಸುತ್ತಿದ್ದ ಹಾಗೇ, "ಎಷ್ಟಕ್ಕೆ ಹೋಗಬಹುದು?" ಅಂತ ಕೇಳುತ್ತಾರೆ. ಆ ಅಂದಾಜಿನ ಮೇಲೆ ಮಂಡಿಯಿಂದ ಮುಂಗಡವೂ ಹೋಗುತ್ತದೆ. ಸೇರಿದ ನಾಲ್ಕನೇ ವರ್ಷಕ್ಕೆ ಅಂದಾಜು ಹೇಳುವ ಕೆಲಸ ಮೆಲ್ಲಗೆ ನನ್ನ ತಲೆಗೆ ಬಂತು.

ಕಲಿಸುವವರು ಯಾರೂ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನಮ್ಮಲ್ಲಿ ಒಬ್ಬರು ಹಿರಿಯ ಹಮಾಲರಿದ್ದಾರೆ. ಎಲ್ಲರಿಗೂ ಅವರು ಅಜ್ಜ. ಚೀಲದ ತಳದವರೆಗೆ ಮೊಳಕೈ ಇಳಿಸಿ ಒಂದು ಹಿಡಿ ಅಡಿಕೆ ತೆಗೆಯುತ್ತಾರೆ, ಕಿವಿ ಹತ್ತಿರ ಹಿಡಿದು ಕುಲುಕುತ್ತಾರೆ. ಒಣಗಿದ ಅಡಿಕೆ ಗಜ್ಜುಗದ ಹಾಗೆ ಸದ್ದು ಮಾಡುತ್ತದೆ. ಹಸಿ ಇದ್ದರೆ ಮಂಕು ಸದ್ದು. ಆಮೇಲೆ ಅಡಕತ್ತರಿಯಲ್ಲಿ ಒಂದನ್ನು ಕತ್ತರಿಸಿ ಒಳಗೆ ನೋಡುತ್ತಾರೆ, ಹೋಳನ್ನು ಉಗುರಿನಿಂದ ಒತ್ತುತ್ತಾರೆ. ಇಷ್ಟಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ನಾನು ಅವರನ್ನು ಯಾವತ್ತೂ ನೇರವಾಗಿ ಕೇಳಿ ಕಲಿಯಲಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಅವರು "ಇನ್ನೂ ಹಸಿ ಐತೆ" ಅಂದರೆ "ಹೂಂ, ನಾನೂ ಅದೇ ಅಂದ್ಕೊಂಡಿದ್ದೆ" ಅನ್ನುತ್ತಿದ್ದೆ. ಬೇಕೆಂದು ಹೇಳಿದ ಸುಳ್ಳಲ್ಲ ಅದು. ಅವರು ಹೇಳಿದ ಕ್ಷಣಕ್ಕೆ ನನಗೂ ಹಾಗೇ ಅನಿಸಿಬಿಡುತ್ತಿತ್ತು.

ಒಂದು ವರ್ಷ ದೀಪಾವಳಿ ಕಳೆದ ಮೇಲೆ ತೀರ್ಥಹಳ್ಳಿ ಕಡೆಯವರೊಬ್ಬರು ಹದಿನೆಂಟು ಚೀಲ ರಾಶಿ ತಂದರು. ಅಜ್ಜ ಆವತ್ತು ರಜೆ. ಅಡಿಕೆ ಒಳ್ಳೆ ಕೆಂಪಗೆ, ಚೊಗರು (ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸ) ಹಿಡಿದು ಮಿರಮಿರ ಮಿಂಚುತ್ತಿತ್ತು. ನಾನು ಧಾರಾಳವಾಗಿ ರೇಟು ಹೇಳಿದೆ. ಮಗಳ ಮದುವೆ ಹತ್ತಿರ ಇತ್ತು, ಅವರು ಅದೇ ಲೆಕ್ಕದಲ್ಲಿ ಮುಂಗಡ ಒಯ್ದರು. ಮಾರನೇ ದಿನ ಖರೀದಿದಾರರು ನಾಲ್ಕು ಅಡಿಕೆ ಕತ್ತರಿಸಿ ನೋಡಿ ಮುಖ ತಿರುಗಿಸಿದರು. ಒಳಗೆ ಹಸಿ. ರೇಟು ನಾನು ಹೇಳಿದ್ದಕ್ಕಿಂತ ತುಂಬಾ ಕೆಳಗೆ ನಿಂತಿತು. ಮುಂಗಡದ ಬಾಕಿ ಆ ಮನುಷ್ಯನ ಹೆಸರಲ್ಲಿ ಉಳಿಯಿತು.

ಸಾಹುಕಾರರು ಕರೆದು ಕೇಳಿದಾಗ ನನ್ನ ಹತ್ತಿರ ಉತ್ತರ ರೆಡಿ ಇತ್ತು. ಮೋಡ ಇತ್ತು, ಬೆಳಕು ಸಾಲಲಿಲ್ಲ. ಆಗುಂಬೆ ಸೆರಗಿನ ಅಡಿಕೆ ಸರ್, ವರ್ಷಕ್ಕೆ 7000 ಮಿಲಿಮೀಟರ್ ಮಳೆ ಬೀಳುವ ಜಾಗ, ದಾರಿಯಲ್ಲೇ ತಂಡಿ ಹಿಡಿದಿರುತ್ತದೆ. ಚೀಲ ಬೇರೆ ಹಳೇದು. ಖರೀದಿದಾರರು ಬೇಕಂತಲೇ ಎಳೆದಾಡುತ್ತಿದ್ದಾರೆ. ಒಂದೊಂದೂ ಕೇಳೋಕೆ ಸರಿಯಾಗೇ ಇತ್ತು. ಹೊರಗೆ ಬಂದಾಗ ಅಜ್ಜ ಬೀಡಿ ಹಚ್ಚುತ್ತಾ ಕೂತಿದ್ದರು. "ನಿಮ್ದು ಯಾವತ್ತೂ ತಪ್ಪೇ ಆಗಲ್ಲ, ಅಲ್ವಾ ರೈಟ್ರೇ?" ಅಂದರು. ಕೋಪ ಬಂತು. ಎರಡು ದಿನ ಮಾತಾಡಲಿಲ್ಲ.

ಮೂರನೇ ದಿನ, ಸುಮ್ನೆ ಹಠಕ್ಕೆ ಬಿದ್ದು, ನನ್ನ ಅಂದಾಜು ಎಷ್ಟು ಸರಿ ಇದೆ ಅಂತ ತೋರಿಸಿಬಿಡೋಣ ಅಂದುಕೊಂಡೆ. ಹಳೆಯ ಬಿಲ್ ಬುಕ್ಕಿನ ಹಿಂಬದಿಯಲ್ಲಿ ಮೂರು ಗೆರೆ ಎಳೆದೆ. ಲಾಟ್ ನಂಬರು, ನನ್ನ ಅಂದಾಜು, ಟೆಂಡರ್‌ನಲ್ಲಿ ಬಂದದ್ದು. ಅಜ್ಜ ಬಾಯಿ ತೆರೆಯುವ ಮೊದಲೇ ಬರೆಯಬೇಕು, ಅದೂ ಪೆನ್ನಿನಲ್ಲೇ. ಪೆನ್ಸಿಲ್ ಆದರೆ ಅಳಿಸುತ್ತೇನೆ ಅಂತ ನನಗೇ ಗೊತ್ತಿತ್ತು.

ನಲವತ್ತು ಲಾಟ್ ಆದ ಮೇಲೆ ಎಣಿಸಿದೆ. ಹದಿನೇಳು ತಪ್ಪು. ಬುಕ್ ಮುಚ್ಚಿ ಡ್ರಾಯರ್‌ಗೆ ಹಾಕಿ ಕಾಫಿ ಕುಡಿಯೋಕೆ ಹೋದೆ. ಆವತ್ತೇ ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಸಂಜೆ ಮತ್ತೆ ತೆಗೆದು ನೋಡಿದಾಗ ಒಂದು ವಿಚಿತ್ರ ಕಂಡಿತು. ಹದಿನೇಳರಲ್ಲಿ ಹದಿನೈದು ಒಂದೇ ಕಡೆಗೆ ವಾಲಿದ್ದವು. ಎಲ್ಲಾ ಜಾಸ್ತಿ ಬರೆದದ್ದೇ. ಅಡಿಕೆ ನೋಡೋಕೆ ಬರದವನಾಗಿದ್ದರೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗಬೇಕಿತ್ತು ತಾನೆ?

ಮೊದಲು ಬಣ್ಣಕ್ಕೆ ಮರುಳಾಗುತ್ತಿದ್ದೇನೆ ಅಂದುಕೊಂಡೆ. ಅದೂ ಸ್ವಲ್ಪ ಇತ್ತು. ಚೊಗರು ಮೇಲಿನ ಹೊಳಪು ಕೊಡುತ್ತದೆಯೇ ಹೊರತು ಒಳಗಿನ ತೇವ ಹೇಳುವುದಿಲ್ಲ. ಆದರೆ ಭದ್ರಾವತಿ, ಚನ್ನಗಿರಿ ಕಡೆಯಿಂದ ಲಾರಿಯಲ್ಲಿ ಬಂದ, ಜೊತೆಗೆ ಯಾರೂ ಬಾರದ ಲಾಟ್‌ಗಳು ಹೆಚ್ಚುಕಮ್ಮಿ ಸರಿಯಾಗಿದ್ದವು. ಅವೂ ಹೊಳೆಯುತ್ತಿದ್ದವು. ತಪ್ಪಿದ್ದು ರೈತರು ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದ ಲಾಟ್‌ಗಳು.

ಅಡಿಕೆ ಹಸಿ ಇರುವುದು ನನ್ನ ಕೈಗೆ ಗೊತ್ತಾಗುತ್ತಿತ್ತು. ಬಾಯಿಗೆ ಬರುತ್ತಿರಲಿಲ್ಲ. ನಮ್ಮನೆಯಲ್ಲೂ ಒಂದೂವರೆ ಎಕರೆ ತೋಟ ಇದೆ. ಗೊನೆ ಕೊಯ್ದು, ಸುಲಿದು, ಬೇಯಿಸಿ, ಅಂಗಳದ ಅಟ್ಟದ ಮೇಲೆ ಹರವಿ, ಮೋಡ ಕಂಡರೆ ಓಡಿ ಹೋಗಿ ಮುಚ್ಚುವುದು ನೋಡುತ್ತಾ ಬೆಳೆದವನು ನಾನು. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಇಷ್ಟೆಲ್ಲಾ ಮಾಡಿದರೆ ಕೊನೆಗೆ ಕೈಗೆ ಬರುವುದು 12-13 ಕೆಜಿ. ಅಂಥದ್ದನ್ನು ತಂದವರ ಎದುರು "ನಿಮ್ಮ ಅಡಿಕೆ ಸರಿಯಾಗಿ ಒಣಗಿಲ್ಲ" ಅಂತ ಹೇಗೆ ಹೇಳೋದು? ಹೇಳದೆ ಇದ್ದದ್ದನ್ನು ನಾನು ಒಳ್ಳೆಯತನ ಅಂದುಕೊಂಡಿದ್ದೆ. ಮದುವೆ ಮನೆಯ ಆ ಮನುಷ್ಯನಿಗೆ ಅದರಿಂದ ಆದದ್ದು ಸಾಲ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅಂತ ಅಮ್ಮ ಗೊಣಗುತ್ತಿದ್ದದ್ದು ನೆನಪಾಯಿತು. ಇಲ್ಲಿ ಬಸುರಾದವನು ನಾನು, ಹೆರುತ್ತಿದ್ದವರು ಬೇರೆಯವರು.

ಗೊತ್ತಾದ ಮಾತ್ರಕ್ಕೆ ಸರಿಹೋಗಲಿಲ್ಲ. ನಾಳೆಯಿಂದ ಧೈರ್ಯವಾಗಿ ಹೇಳುತ್ತೇನೆ ಅಂದುಕೊಂಡು ಹೋದ ಮೊದಲ ದಿನವೇ ಒಬ್ಬ ಅಜ್ಜಿಯ ಎರಡು ಚೀಲಕ್ಕೆ ಜಾಸ್ತಿ ರೇಟು ಹೇಳಿ ಬಂದೆ. ಧೈರ್ಯದ ದಾರಿ ನನಗೆ ಆಗಿಬರಲ್ಲ ಅಂತ ಒಪ್ಪಿಕೊಂಡ ಮೇಲೆ ನಿಂತುಕೊಳ್ಳುವ ಜಾಗ ಬದಲಿಸಿದೆ. ಈಗ ಹಿಡಿ ಅಡಿಕೆ ತೆಗೆದುಕೊಂಡು ಹಿಂಬಾಗಿಲಿಗೆ ಹೋಗುತ್ತೇನೆ. ಅಲ್ಲಿ ಬೆಳಕೂ ಚೆನ್ನಾಗಿದೆ, ಮುಖ ನೋಡುವವರೂ ಇಲ್ಲ. ಕತ್ತರಿಸಿ, ನೋಡಿ, ಬುಕ್ಕಿನಲ್ಲಿ ಬರೆದು, ಬುಕ್ ಹಿಡಿದುಕೊಂಡೇ ಹೊರಗೆ ಬರುತ್ತೇನೆ. ಬರೆದದ್ದನ್ನು ಓದುವುದು ಸುಲಭ. ಹೇಳುವ ಮಾತನ್ನು ಅಜ್ಜನ ಹತ್ತಿರ ಕಲಿತೆ, ಈ ಸಲ ಕೇಳಿಯೇ ಕಲಿತೆ: "ಇನ್ನು ನಾಲ್ಕು ಬಿಸಿಲು ಬೇಕಿತ್ತು ಯಜಮಾನ್ರೇ." ಕೆಲವರು ಸಿಟ್ಟಾಗುತ್ತಾರೆ. ಕೆಲವರು ಚೀಲ ವಾಪಸ್ ಒಯ್ದು ಒಣಗಿಸಿ ತರುತ್ತಾರೆ.

ಬುಕ್ಕಿನಲ್ಲಿ ಅಜ್ಜನಿಗೂ ಒಂದು ಗೆರೆ ಸೇರಿಸಿದ್ದೇನೆ. ಅವರದೂ ತಪ್ಪುತ್ತದೆ, ನನಗಿಂತ ಕಡಿಮೆ ಅಷ್ಟೆ. ತಪ್ಪಿದ ದಿನ, "ಬರ್ಕೊಳಿ, ಬರ್ಕೊಳಿ" ಅನ್ನುತ್ತಾರೆ.

ಕಳೆದ ಸೀಸನ್‌ನಲ್ಲಿ ನಮ್ಮ ದೊಡ್ಡಪ್ಪ ಆರು ಚೀಲ ತಂದರು. ನಾನು ಹಿಂಬಾಗಿಲಿಗೆ ಹೋದೆ, ಕತ್ತರಿಸಿದೆ, "ರಾಶಿ, ಹಸಿ" ಅಂತ ಬರೆದು ಬಂದು ಓದಿದೆ. "ನೀನು ಹುಟ್ಟೋ ಮೊದ್ಲಿಂದ ಅಡಿಕೆ ಬೇಯಿಸ್ತಾ ಇದೀನಿ ಮಾರಾಯ" ಅಂದವರು ತರಿಸಿದ ಕಾಫಿ ಮುಟ್ಟಲಿಲ್ಲ. ಮರುದಿನ ಟೆಂಡರ್‌ನಲ್ಲಿ ಆ ಲಾಟ್ ನಾನು ಬರೆದದ್ದಕ್ಕಿಂತ ಮೇಲೆಯೇ ಹೋಯಿತು. ಅಡಿಕೆ ಸರಿಯಾಗಿಯೇ ಒಣಗಿತ್ತು. ನಮ್ಮವರು ಅಂತ ಜಾಸ್ತಿ ಹೇಳಿಬಿಡುತ್ತೇನೇನೋ ಅನ್ನೋ ಹೆದರಿಕೆಗೆ ಕಡಿಮೆ ಬರೆದಿದ್ದೆ. ಅಜ್ಜ ಬುಕ್ ಇಸಿದುಕೊಂಡು, ಆ ಸಾಲಿನ ಮೇಲೆ ಬೆರಳಿಟ್ಟು, ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಸಂಜೆ ದೊಡ್ಡಪ್ಪನಿಗೆ ಫೋನ್ ಮಾಡಿದೆ. ದೊಡ್ಡಮ್ಮ ಎತ್ತಿ, ಅವರು ತೋಟಕ್ಕೆ ಹೋಗಿದ್ದಾರೆ ಅಂದರು. ಹಿಂದೆ ಅವರು ಕೆಮ್ಮಿದ್ದು ಕೇಳಿಸಿತು.